ಚಿಕ್ಕಪ್ಪನ ಜೇಬಿನಲ್ಲಿದ್ದ ಶನಿ

ಕಳೆದ ತಿಂಗಳು ವಿದ್ಯಾರ್ಥಿಗಳ ರೆಕಾರ್ಡು ಪುಸ್ತಕಗಳನ್ನು ತಿದ್ದುತ್ತ ಕುಳಿತಿದ್ದಾಗ, ಒಂದರೊಳಗಿಂದ ಕಾರ್ಡೊಂದು ಜಾರಿ ಮೇಜಿನ ಮೇಲೆ ಬಿತ್ತು. ಲೋಲಕದ ಪ್ರಯೋಗ ಬರೆದಿದ್ದ ಪುಟಕ್ಕೆ ಗುರುತಾಗಿ ಇಟ್ಟುಕೊಂಡದ್ದಿರಬೇಕು. ಇಸ್ಪೀಟಿನ ಎಲೆಗಿಂತ ಕೊಂಚ ದಪ್ಪ, ಬೆಳಕಿಗೆ ಹಿಡಿದರೆ ಮಿರುಗುವ ಅಂಚು, ನಡುವೆ ಸೊಂಟದ ಸುತ್ತ ಉಂಗುರ ತಿರುಗಿಸಿಕೊಂಡು ನಿಂತ ಕಡುನೀಲಿ ರಾಕ್ಷಸ, ಕೆಳಗೆ ಅವನ ಬಲದ ಅಂಕಿ. ಒಂದೊಂದು ಗ್ರಹಕ್ಕೆ ಒಬ್ಬೊಬ್ಬ ರಾಕ್ಷಸನಿರುವ, ಮಕ್ಕಳು ಕೂಡಿಸಿಟ್ಟುಕೊಂಡು ಕಾದಾಡಿಸುವ ಆಟದ ಕಾರ್ಡು ಅದು. ಇವನು ಶನಿ. ಸ್ಟಾಫ್ ರೂಮಿನಲ್ಲಿ ಯಾರೂ ಇತ್ತ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಮೂಗಿಗೆ ಹಿಡಿದು ಮೂಸಿದ್ದು.

ಅದೇ ವಾಸನೆ. ಶಾಯಿ, ಪ್ಲಾಸ್ಟಿಕ್ಕು, ಜೊತೆಗೆ ಹೆಸರಿಡಲಾಗದ ಒಂದು ಸಿಹಿ. ‘ಅದೇ’ ಎಂದು ಬರೆದ ತಕ್ಷಣ ನನ್ನ ಕೈ ತಡೆಯುತ್ತದೆ. ಇಪ್ಪತ್ತು ವರ್ಷದ ಹಿಂದಿನ ವಾಸನೆಯ ಮಾದರಿ ನನ್ನ ಬಳಿ ಎಲ್ಲಿದೆ, ಹೋಲಿಸಿ ನೋಡುವುದಕ್ಕೆ? ನೀವು ಇದನ್ನು ಓದುತ್ತ ಸುಮ್ಮನೆ ಮುಂದೆ ಹೋಗುತ್ತಿದ್ದಿರಿ. ನಾನೇ ನಿಮ್ಮನ್ನು ತಡೆದು ನಿಲ್ಲಿಸಿದೆ. ಇದು ನನ್ನ ಹಳೆಯ ರೋಗ. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಭೌತಶಾಸ್ತ್ರ ಓದಿ ನಾನು ಕಲಿತದ್ದು ಇಷ್ಟೇ: ಅಳೆಯಲಾಗದ್ದನ್ನು ನಂಬಬೇಡ. ಈಗ ಕೃಷ್ಣಗಿರಿಯ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಇದು ನನ್ನ ನಾಲ್ಕನೆಯ ಕೆಲಸ. ಒಂದೆಡೆ ಕೂರುವ ಜಾಯಮಾನ ನನ್ನದಲ್ಲ. ಪಾಠ ಮಾಡುವಾಗಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಿರುತ್ತೇನೆ. ಹುಡುಗರು ನನ್ನನ್ನೇ ಲೋಲಕಕ್ಕೆ ಉದಾಹರಣೆ ಮಾಡಿಕೊಂಡಿದ್ದಾರೆಂದು ಕೇಳಿದ್ದೇನೆ.

ಆ ಕಾರ್ಡಿಗೂ ನನಗೂ ಸಂಬಂಧಿಸಿದ ಕಥೆಯೊಂದಿದೆ. ಅದನ್ನು ನಾನು ಹಾಸ್ಟೆಲಿನಲ್ಲಿ ಹೇಳಿದ್ದೇನೆ, ಕೆಲಸದ ಸಂದರ್ಶನವೊಂದರಲ್ಲಿ ಹೇಳಿದ್ದೇನೆ, ಗ್ರಹಣದ ದಿನ ಊಟ ಮುಟ್ಟದೆ ಕೂತ ಸಹೋದ್ಯೋಗಿಗಳ ಎದುರು ಮೊಸರನ್ನ ತಿನ್ನುತ್ತ ಹೇಳಿದ್ದೇನೆ. ಚಿಕ್ಕದಾಗಿ ಹೇಳುವುದಾದರೆ: ನಾನು ಹತ್ತು ವರ್ಷದವನಿದ್ದಾಗ, ಮನೆಯವರೆಲ್ಲ ಹೆದರುತ್ತಿದ್ದ ಶನಿಯ ಕಾರ್ಡನ್ನು ಒಳಗೆ ತಂದೆ. ಅದರಿಂದಲೇ ಚಿಕ್ಕಪ್ಪನಿಗೆ ಅಪಘಾತವಾಯಿತೆಂದು ಅಜ್ಜಿ ಗದ್ದಲವೆಬ್ಬಿಸಿದಾಗ ಎದೆ ಸೆಟೆಸಿ, “ನಾನೇ ಇಟ್ಟೆ. ಅದು ಬರೀ ಕಾಗದ” ಎಂದೆ. ಅಂದೇ ನನ್ನೊಳಗೆ ವೈಚಾರಿಕತೆ ಹುಟ್ಟಿತು. ಕೇಳಿದವರು ತಲೆದೂಗುತ್ತಿದ್ದರು. ನಾನೂ ತಲೆದೂಗುತ್ತಿದ್ದೆ.

ಅಂದು ಕಾರ್ಡು ಮೂಸಿದ ಮೇಲೆ ಮಾತ್ರ ಮೊದಲ ಬಾರಿಗೆ ಒಂದು ಅನುಮಾನ ಬಂತು. ಈ ಕಥೆಯಲ್ಲಿ ಚಿಕ್ಕಪ್ಪನ ಮಗಳು ನಾಗವೇಣಿಯಕ್ಕ ಎಲ್ಲಿ ನಿಂತಿದ್ದಳು?

ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮೂರು ತಮಿಳುನಾಡಿನ ಗಡಿಯಲ್ಲಿ, ತಳಿ ಎಂಬ ಊರಿನಿಂದ ಮೇಲಕ್ಕೆ, ಜೀಪು ಕೂಗುತ್ತ ಹತ್ತುವ ಕಡೆ ಇದೆ. ಎಲೆಕೋಸು, ಗುಲಾಬಿ, ರಾಗಿ. ಒಂದೇ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗಳು ನಾಗವೇಣಿ, ನಾನು. ನಾಗವೇಣಿ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದರು. ಚಿಕ್ಕಪ್ಪ ಹೊಸೂರಿನ ಕಾರ್ಖಾನೆಗೆ ಮೊಪೆಡ್ಡಿನಲ್ಲಿ ಹೋಗಿ ಬರುತ್ತಿದ್ದ. ಅವನು ಶಿಫ್ಟು ಮುಗಿಸಿ ಬರುವಾಗ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಈ ಕಾರ್ಡುಗಳ ಬೆಳ್ಳಿಬಣ್ಣದ ಪೊಟ್ಟಣ ತರುವನು. ಅದನ್ನು ಹರಿದಾಗ ಬರುತ್ತಿದ್ದ ವಾಸನೆಯ ಬಗ್ಗೆಯೇ ನಾನು ಮೇಲೆ ವಾದ ಮಾಡಿದ್ದು.

ಪೊಟ್ಟಣಗಳು ಸೇರಿ ಸೇರಿ ಕೊನೆಗೆ ಒಂಬತ್ತು ಗ್ರಹಗಳೂ ನಮ್ಮ ಕೈಗೆ ಬಂದವು. ಒಂಬತ್ತು! ನವಗ್ರಹವೇ ಎಂದು ನಾವು ಕುಣಿದೆವು. ಆಮೇಲೆ ತೊಡಕು ಶುರುವಾಯಿತು. ಬುಧ, ಶುಕ್ರ, ಮಂಗಳ, ಗುರು, ಶನಿ ಸರಿಯಾಗಿ ಸಿಕ್ಕರು. ಸೂರ್ಯ, ಚಂದ್ರ, ರಾಹು, ಕೇತು ಕಾಣೆ. ಅವರ ಬದಲು ಭೂಮಿ, ಮತ್ತೆ ಹೆಸರೇ ಕೇಳದ ಇನ್ನು ಮೂವರು. ಕಾರ್ಡಿನ ಮೇಲಿದ್ದ ಇಂಗ್ಲಿಷನ್ನು ನಾಗವೇಣಿ ಅಕ್ಷರ ಕೂಡಿಸಿ ಓದುತ್ತಿದ್ದಳು. “ನೆಪ್ಟ್ಯೂನ್ ಅಂತ ಐತೆ ಕಣ್ಲಾ, ಅಂಗಂದ್ರೆ ಯಾರು?”

ಪಕ್ಕದ ಮನೆಯ ಮುನಿರಾಜ ನಮ್ಮ ಆಟದ ಮೂರನೆಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು, ನಮ್ಮ ಜಗಲಿಯಲ್ಲಿ ಕನ್ನಡ ಆಡುತ್ತಿದ್ದ ಅವನಿಗೆ ಮೂರರಲ್ಲೂ ‘ಗೊತ್ತಿಲ್ಲ’ ಎಂಬ ಮಾತು ಬರುತ್ತಿರಲಿಲ್ಲ. ಕಾರ್ಡನ್ನು ತಿರುಗಿಸಿ ನೋಡಿ, “ಹಾವಿನ ಬಾಲ ಐತೆ ನೋಡು. ರಾಹೂಗೆ ಇಂಗ್ಲೀಷ್‌ನಾಗೆ ನೆಪ್ಟ್ಯೂನ್ ಅಂತಾರೆ” ಎಂದುಬಿಟ್ಟ. ಅವನ ಧ್ವನಿಯಲ್ಲಿದ್ದ ಧೈರ್ಯಕ್ಕೆ ನಾವು ಒಪ್ಪಿದೆವು. ಪ್ಲೂಟೋ ಮುಸುಕು ಹಾಕಿಕೊಂಡು ಮುಖವೇ ಕಾಣುತ್ತಿರಲಿಲ್ಲ. ತಲೆಯಿಲ್ಲದವನು ಕೇತುವೇ ತಾನೆ? ಹಳದಿಯ ಯುರೇನಸ್ಸು ಸೂರ್ಯನಾದ. ಉಳಿದದ್ದು ದುಂಡು ಮುಖದ ಭೂಮಿ. ಅವಳನ್ನು ಚಂದ್ರನ ಜಾಗಕ್ಕೆ ಹಾಕಿದೆವು. ಸ್ನಾತಕೋತ್ತರ ಪದವಿ ಪಡೆದವನು ನಾನು. ಇಂದಿಗೂ ನೆಪ್ಟ್ಯೂನಿನ ಕಕ್ಷೆಯ ಲೆಕ್ಕ ಬರೆಸುವಾಗ ಕಣ್ಣೆದುರು ರಾಹು ಹಾದುಹೋಗುತ್ತಾನೆ.

ಅಜ್ಜಿಗೆ ಈ ಕಾರ್ಡುಗಳನ್ನು ತೋರಿಸಿದ್ದು ನಮ್ಮ ದೊಡ್ಡ ತಪ್ಪು. ಕಾರ್ಡುಗಳನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಒಂದೊಂದಾಗಿ ಪರೀಕ್ಷಿಸಿದಳು. “ಶುಕ್ರ ಗಂಡಸು ಕಣ್ರಲಾ. ಇದ್ಯಾಕೆ ಸೀರೆ ಉಟ್ಕಂಡು ನಿಂತೈತೆ?” ಭೂಮಿಯನ್ನು ನೋಡಿದಾಗ ಇನ್ನೂ ದೊಡ್ಡ ಆಕ್ಷೇಪ. “ನಾವು ನಿಂತಿರೋ ನೆಲಾನೇ ಗ್ರಹ ಅಂದ್ರೆ, ನಮ್ ಕಾಟ ನಮ್ಗೇನಾ?” ಇದಕ್ಕೆ ಸರಿಯಾದ ಉತ್ತರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಅವು ಗ್ರಹಗಳೇ ಎಂಬುದರಲ್ಲಿ ಅವಳಿಗೆ ಅನುಮಾನ ಉಳಿಯಲಿಲ್ಲ. ಗ್ರಹ ಎಂದ ಮೇಲೆ ನಿಯಮ ಬಂತು.

ಗುಡಿಯಲ್ಲಿ ನವಗ್ರಹ ನೋಡಿದವರಿಗೆ ಗೊತ್ತು, ಅಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಒಬ್ಬೊಬ್ಬರದು ಒಂದೊಂದು ದಿಕ್ಕು. ನಮ್ಮ ಜಗಲಿಯಲ್ಲೂ ಹಾಗೇ ಇಡಬೇಕೆಂದು ಅಜ್ಜಿಯ ಆಜ್ಞೆ. ಸೀಮೆಸುಣ್ಣದಲ್ಲಿ ಒಂಬತ್ತು ಮನೆ ಬರೆದು, ನಡುವೆ ಸೂರ್ಯನನ್ನಿಟ್ಟು, ಉಳಿದವರನ್ನು ಅವರವರ ದಿಕ್ಕಿಗೆ ತಿರುಗಿಸಿ ಕೂರಿಸುತ್ತಿದ್ದೆವು. ಯೋಚಿಸಿ ನೋಡಿ: ಎದುರುಬದುರು ನಿಲ್ಲಿಸಿ ಕಾದಾಡಿಸಲೆಂದೇ ಮಾಡಿದ ರಾಕ್ಷಸರು ನಮ್ಮಲ್ಲಿ ಮುಖ ತಿರುಗಿಸಿಕೊಂಡು ಯುದ್ಧ ಮಾಡಬೇಕು. ಅದಕ್ಕೊಂದು ಉಪಾಯ ಹುಡುಕಿದೆವು. ಸವಾಲು ಹಾಕುವವನು ಎದ್ದು ಮನೆಗಳ ಸುತ್ತ ಮೂರು ಪ್ರದಕ್ಷಿಣೆ ಬಂದು, ತನ್ನ ರಾಕ್ಷಸನ ಅಂಕಿಯನ್ನು ಜೋರಾಗಿ ಕೂಗಬೇಕು. ಕೂತು ಆಡುವ ಆಟ ನಮ್ಮೂರಿನಲ್ಲಿ ಓಡಿ ಆಡುವ ಆಟವಾಯಿತು. ಆಟದ ಕೊನೆಯಲ್ಲಿ ಮೂವರಿಗೂ ತಲೆ ಸುತ್ತುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಅಂಕಿ ಶನಿಯದು. ಹಿಡಿದವನು ಗೆದ್ದಂತೆಯೇ. ಆದರೂ ಯಾರಿಗೂ ಬೇಡ. ಶನಿಯ ಕಾರ್ಡನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ನೆಲದ ಮೇಲಿಟ್ಟರೆ ಇನ್ನೊಬ್ಬ ಎತ್ತಿಕೊಳ್ಳಬೇಕು. ಆಡಿದವನು ಕಾಲು ತೊಳೆದೇ ಒಳಗೆ ಬರಬೇಕು. ಆಟ ಮುಗಿದ ಮೇಲೆ ಉಳಿದ ಎಂಟು ಜನ ಒಳಗೆ ಡಬ್ಬಿಯಲ್ಲಿ ಮಲಗಿದರೆ, ಶನಿ ಮಾತ್ರ ಹೊರಗೆ, ಕಾಂಪೌಂಡು ಗೋಡೆಯ ಸಂದಿನಲ್ಲಿ, ಒಂದು ಚಪ್ಪಟೆ ಕಲ್ಲಿನ ಕೆಳಗೆ. ಆಟದಲ್ಲಿ ಅತ್ಯಂತ ಬಲಶಾಲಿ, ಊರಿನಲ್ಲಿ ನಿರ್ಗತಿಕ.

ಮುನಿರಾಜನ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಪ್ಲೂಟೋ ಇನ್ನು ಗ್ರಹವಲ್ಲವೆಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ ದಿನ ಅವನು ಉಸಿರುಗಟ್ಟಿ ಓಡಿಬಂದ. “ಅಜ್ಜೀ, ಕೇತೂನ ತೆಗ್ದ್‌ಬುಟ್ಟವ್ರಂತೆ!” ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆ, “ಯಾವನ್ಲಾ ಅವ್ನು ತೆಗ್ಯೋನು? ಕೇತು ಅವ್ನ ಮನೆ ಜೀತದಾಳಾ?” ಎಂದಳು. ಖಗೋಳ ವಿಜ್ಞಾನಿಗಳ ತೀರ್ಮಾನ ನಮ್ಮ ಜಗಲಿಯಲ್ಲಿ ಅಲ್ಲಿಗೇ ಬಿದ್ದುಹೋಯಿತು.

ಈಗ ಆ ದಿನ. ಅದರ ಹಿಂದಿನ ಕೆಲವು ತಿಂಗಳಿಂದ ಮನೆಯಲ್ಲಿ ಪಾಲಿನ ಮಾತು ಸುಳಿದಾಡುತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಮ್ಮನೂ ಚಿಕ್ಕಮ್ಮನೂ ಒಂದೇ ಒಲೆಯ ಮುಂದೆ ಕೂತು ಮಾತಿಲ್ಲದೆ ಮುದ್ದೆ ತೊಳಸುತ್ತಿದ್ದರು. ಪಾತ್ರೆ ಇಡುವ ಸದ್ದಿನಲ್ಲೇ ಯಾರಿಗೆ ಯಾರ ಮೇಲೆ ಬೇಸರವೆಂದು ತಿಳಿಯುತ್ತಿತ್ತು. ಇನ್ನೊಂದು ಮಾತು ಬಿದ್ದಿದ್ದರೆ ಮನೆ ಎರಡಾಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ಚಿಕ್ಕಪ್ಪ ಗೂಟಕ್ಕೆ ನೇತುಹಾಕಿದ್ದ ಅಂಗಿ ತೊಟ್ಟುಕೊಂಡು ಎರಡನೇ ಶಿಫ್ಟಿಗೆ ಹೊರಟ. ನೀಲಗಿರಿ ತೋಪಿನ ತಿರುವಿನಲ್ಲಿ ಮೊಪೆಡ್ಡು ಜಾರಿ ಬಿದ್ದ. ಬಲಮೊಣಕೈ ಮುರಿಯಿತು. ಮರುದಿನ ಆಸ್ಪತ್ರೆಯಿಂದ ಬಂದ ಅಂಗಿಯನ್ನು ಒಗೆಯಲು ಹಾಕುವ ಮೊದಲು ಅಜ್ಜಿ ಜೇಬಿಗೆ ಕೈ ಹಾಕಿದಳು. ಗೇಟ್‌ಪಾಸು ಬಂತು, ಪೆನ್ನು ಬಂತು, ಅವುಗಳ ಹಿಂದೆ ಶನಿ ಬಂದ.

“ಯಾರ್ಲಾ ಇವನ್ನ ನನ್ ಮಗನ ಜೇಬಿಗೆ ಇಟ್ಟೋರು?”

ಇಲ್ಲಿ ನಾನು ಎದೆ ಸೆಟೆಸಿ ಮುಂದೆ ಬರಬೇಕು. ಕಥೆಯಲ್ಲಿ ಬರುತ್ತೇನೆ. ಆದರೆ ಕಾರ್ಡು ಮೂಸಿದ ದಿನದಿಂದ ಈ ಚಿತ್ರವನ್ನು ಒಬ್ಬ ಪರೀಕ್ಷಕನಂತೆ ನೋಡತೊಡಗಿದೆ, ನೋಡಿದಷ್ಟೂ ಬಿರುಕು. ನನ್ನ ನೆನಪಿನಲ್ಲಿ ಕಾರ್ಡನ್ನು ಒಳಗೆ ತಂದ ಮಧ್ಯಾಹ್ನ ಮಳೆ ಹೊಯ್ಯುತ್ತಿದೆ. ಅದೇ ಮಧ್ಯಾಹ್ನ ಅಂಗಳದ ತುಂಬ ರಾಗಿ ಒಣಗುತ್ತಿದೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಅಜ್ಜಿಯ ಪ್ರಶ್ನೆಗೆ ಉತ್ತರಿಸುವಾಗ ನನಗೆ ಅವಳ ಮುಖ ಕಾಣುವುದಿಲ್ಲ, ಬೆನ್ನು ಕಾಣುತ್ತದೆ. ಯಾರ ಎದುರಾದರೂ ಎದೆ ಸೆಟೆಸಿದರೆ ಬೆನ್ನು ಕಾಣುವುದೆ? ಆಮೇಲೆ ಅಜ್ಜಿ ವಿಧಿಸಿದ ಶಿಕ್ಷೆ, ಒಂಬತ್ತು ಶನಿವಾರ ತಳಿಯ ಈಶ್ವರನ ಗುಡಿಗೆ ಹೋಗಿ ಶನಿಗೆ ಎಳ್ಳುದೀಪ ಹಚ್ಚುವುದು. ಅದು ಚೆನ್ನಾಗಿ ನೆನಪಿದೆ. ಆದರೆ ಆ ನೆನಪಿನಲ್ಲಿ ಒಮ್ಮೆಯೂ ಗುಡಿಯ ಒಳಗಿಲ್ಲ ನಾನು. ಹೊರಗೆ ಅಜ್ಜಿಯ ಪಕ್ಕ ಚಪ್ಪಲಿ ಕಾಯುತ್ತ ಕೂತಿದ್ದೇನೆ. ಮಂಡಿನೋವಿನ ಅಜ್ಜಿ ಮೆಟ್ಟಿಲು ಹತ್ತುತ್ತಿರಲಿಲ್ಲ. ಹಾಗಾದರೆ ದೀಪ ಹಚ್ಚಲು ಒಳಗೆ ಹೋದವರು ಯಾರು?

ಎರಡು ವಾರ ಇದೇ ಗುಂಗು. ಹೆಂಡತಿ, “ಫೋನ್ ಮಾಡಿ ಕೇಳ್ಬಾರ್ದಾ?” ಎಂದಳು. ಕೇಳಬಹುದಿತ್ತು. ಭಯವಿತ್ತು ಅಷ್ಟೆ. ನನ್ನ ಬಳಿ ಶೌರ್ಯದ ಕಥೆ ಇದ್ದದ್ದು ಇದೊಂದೇ. ಅದೂ ಹೋದರೆ ಉಳಿಯುವುದು ಬರೇ ಪದವಿ ಪ್ರಮಾಣಪತ್ರ. ಆದರೂ ಒಂದು ಭಾನುವಾರ ಬಸ್ಸು ಹತ್ತಿದೆ.

ನಾಗವೇಣಿಯಕ್ಕ ಹೊಸೂರಿನಲ್ಲಿದ್ದಾಳೆ. ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ. ಕೂದಲೆಳೆಯಷ್ಟು ದೋಷವಿದ್ದರೂ ಪಕ್ಕಕ್ಕೆ ಎತ್ತಿಡುತ್ತಾಳಂತೆ. ಕೆಲಸದಿಂದ ನಿವೃತ್ತನಾದ ಚಿಕ್ಕಪ್ಪ ಚಿಕ್ಕಮ್ಮನೊಡನೆ ಅವಳ ಮನೆಯ ಮಹಡಿಯಲ್ಲೇ ಇದ್ದಾನೆ. ನಾನು ಹೋದಾಗ ಅವನು ಮೇಲೆ ಟೀವಿಯೊಡನೆ ಜಗಳವಾಡುತ್ತಿದ್ದ. ಅಕ್ಕ ಅಡುಗೆಮನೆಯಲ್ಲಿ ಹುರುಳಿಕಾಳು ಆರಿಸುತ್ತಿದ್ದಳು. ನಾನು ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತ, ಪೀಠಿಕೆಯೆಲ್ಲ ಹಾಕಿ, ಕೊನೆಗೆ ಕೇಳಿದೆ.

“ಕೂತ್ಕಳ್ಲಾ ಮೊದ್ಲು, ಕಣ್ಣು ತಿರುಗ್ತೈತೆ ನಂಗೆ,” ಎಂದಳು. ಆಮೇಲೆ ಮೊರದಿಂದ ಕಣ್ಣೆತ್ತದೆಯೇ, “ಇಟ್ಟಿದ್ದು ನೀನು. ಇಟ್ಟೆ ಅಂದಿದ್ದು ನಾನು,” ಎಂದಳು.

“ಅಂದ್ರೆ?”

“ಅಂದ್ರೆ ಏನು? ರಾಗಿ ಒಣಗಾಕಿದ್ರು. ಯಾವತ್ತೂ ಬರ್ದಿದ್ದ ಮಳೆ ಅವತ್ತು ಬಂತು. ಎಲ್ಲಾರೂ ರಾಗಿ ಬಾಚಕ್ಕೆ ಓಡೋದ್ರು. ನೀನು ಓಡಿದ್ದು ಗೋಡೆ ತಾವಿಕ್ಕೆ. ಕಾರ್ಡು ನೆಂದೋಯ್ತದೆ ಅಂತ. ತಂದು ಒಳ್ಳುಕಲ್ಲು ಹತ್ತಿ ಅಪ್ಪನ ಅಂಗಿ ಜೇಬಿಗೆ ಹಾಕ್ದೆ. ನಾನು ಮೊರ ಹಿಡ್ಕಂಡು ನಿಂತಿದ್ನಲ್ಲ, ನೋಡ್ದೆ.”

ಅಂದರೆ ಮಳೆಯೂ ನಿಜ, ರಾಗಿಯೂ ನಿಜ. ಅಕಾಲದ ಮಳೆಯೆಂಬುದೊಂದು ಇರುತ್ತದೆ ಎಂದು ರೈತನ ಮಗನಿಗೆ ಹೊಳೆಯಲಿಲ್ಲ. ನಾನು ಮೂಢನಂಬಿಕೆಗೆ ಸವಾಲು ಹಾಕಲು ಶನಿಯನ್ನು ಒಳಗೆ ತಂದವನಲ್ಲ, ನೆನೆಯಬಾರದೆಂದು ತಂದವನು.

“ಅಜ್ಜಿ ಕೇಳ್ದಾಗ ನಾನೆಲ್ಲಿದ್ದೆ?”

“ರಾಗಿ ಮೂಟೆ ಹಿಂದೆ.” ಅವಳು ನಗತೊಡಗಿದಳು. “ಬರೀ ತಲೆಕೂದ್ಲು ಕಾಣ್ತಿತ್ತು. ಒಂದು ಮೂಟೆ ನಡುಗ್ತಿತ್ತು. ಅಜ್ಜಿಗೆ ಕಣ್ಣು ಚೆನ್ನಾಗಿದ್ರೆ ಅವತ್ತೇ ಸಿಕ್ಕಾಕ್ಕಂತಿದ್ದೆ.”

ಬೆನ್ನು ಯಾಕೆ ಕಾಣುತ್ತಿತ್ತೆಂಬುದು ಈಗ ತಿಳಿಯಿತು. “ಮತ್ತೆ ‘ಅದು ಬರೀ ಕಾಗದ’ ಅಂದದ್ದು?”

“ನಾನೇ ಕಣೋ. ‘ಬರೀ ಕಾಗ್ದ ಅನ್ಕಂಡು ಇಟ್ಬುಟ್ಟೆ ಕಣಜ್ಜಿ’ ಅಂದೆ. ಬೆನ್ನ ಮೇಲೆ ಒಂದು ಬಿತ್ತು.”

ನೋಡಿ, ತಪ್ಪು ನನ್ನದು, ಏಟು ಅವಳಿಗೆ. ಸಾಲದೆಂದು ಅವಳ ಮಾತನ್ನೂ ಕದ್ದು ಇಪ್ಪತ್ತು ವರ್ಷ ಊರೂರಲ್ಲಿ ಹೇಳಿಕೊಂಡು ಬಂದಿದ್ದೇನೆ. ಹೇಳುತ್ತ ಹೇಳುತ್ತ ಅದರ ನಡುಕವನ್ನು ತೆಗೆದುಹಾಕಿ ಎದೆ ಸೆಟೆಸಿದ್ದೇನೆ.

“ನೀನ್ಯಾಕೆ ಒಪ್ಕೊಂಡೆ ಅಕ್ಕಾ?”

ಅವಳು ಒಂದು ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟಳು. “ಬಿದ್ದಿದ್ದು ನಮ್ಮಪ್ಪ. ಇಟ್ಟಿದ್ದು ದೊಡ್ಡಪ್ಪನ ಮಗ ಅಂತ ಗೊತ್ತಾಗಿದ್ರೆ ನಮ್ಮಮ್ಮ ಸುಮ್ಕಿರ್ತಿದ್ಳಾ? ನಿಮ್ಮಮ್ಮ ಸುಮ್ಕಿರ್ತಿದ್ಳಾ? ಆ ಸಾಯಂಕಾಲಾನೇ ಎರಡು ಒಲೆ ಆಗ್ತಿತ್ತು. ನಾನಂದ್ರೆ ಅವ್ರ ಮಗ್ಳೇ ಅಲ್ವಾ, ಬೈತಾರೆ, ಬುಡ್ತಾರೆ.”

ಆಗ ಅವಳಿಗೆ ಹನ್ನೆರಡು ವರ್ಷ. ಮನೆ ಮುಂದೆ ಪಾಲಾಯಿತು ನಿಜ, ಆದರೆ ಅದು ಮೂರು ವರ್ಷ ಕಳೆದ ಮೇಲೆ, ಅಣ್ಣತಮ್ಮಂದಿರು ಜೊತೆಯಲ್ಲಿ ಊಟ ಮಾಡಿ, ಕೂತು ಮಾತಾಡಿ ಮಾಡಿಕೊಂಡದ್ದು. ಇಂದಿಗೂ ಹಬ್ಬಕ್ಕೆ ಆ ಮನೆಯ ಹೋಳಿಗೆ ಈ ಮನೆಗೆ ಬರುತ್ತದೆ. ಶನಿ ತಂದ ಪಾಲಾಗಿದ್ದರೆ ಹೋಳಿಗೆ ಬರುತ್ತಿತ್ತೆಂದು ನನಗನಿಸುವುದಿಲ್ಲ.

ನನ್ನ ರೋಗ ಅಲ್ಲೂ ಬಿಡಲಿಲ್ಲ. ನನ್ನ ನೆನಪು ಸುಳ್ಳಾಗಬಹುದಾದರೆ ಅವಳದೂ ಆಗಬಹುದಲ್ಲ? ನಾನು ಒರಳುಕಲ್ಲು ಹತ್ತಿದೆ ಎಂದಳು. ಹೇಳಿದ ಗಳಿಗೆಯಿಂದ ನನ್ನ ಅಂಗಾಲಿಗೆ ಆ ಕಲ್ಲಿನ ಒದ್ದೆ ತಂಪು ತಾಗುತ್ತಿದೆ. ಆದರೆ ಯಾರೋ ಹೇಳಿದ ಮೇಲೆ ಬಂದ ನೆನಪು ನೆನಪೇ ಅಲ್ಲ, ಬರೀ ಒಪ್ಪಿಗೆ. ಇದನ್ನು ನಾನು ಬಾಯಿಬಿಟ್ಟೇ ಹೇಳಿದೆ. ನಾಗವೇಣಿ ಬೇಸರಪಡಲಿಲ್ಲ. “ಬುಡು, ನಂಗೆ ರುಜುವಾತು ಮಾಡೋ ಕೆಲ್ಸ ಇಲ್ಲ. ಕೇಳ್ದೆ, ಹೇಳ್ದೆ. ಊಟ ಮಾಡ್ಕಂಡು ಹೋಗು,” ಎಂದಳು.

ಊಟಕ್ಕೆ ಚಿಕ್ಕಪ್ಪ ಕೆಳಗಿಳಿದು ಬಂದ. ಬಲಗೈ ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ; ಆ ಸೊಟ್ಟಗೈಯಲ್ಲೇ ಮುದ್ದೆ ಮುರಿಯುತ್ತಾನೆ. ಮಗಳು ಸಾರು ಬಡಿಸಲು ಬಂದಾಗ ಮೊಣಕೈ ಎತ್ತಿ ತೋರಿಸಿ, “ನೋಡ್ಲಾ, ನಿಮ್ಮಕ್ಕ ಕೊಟ್ಟ ಬಹುಮಾನ. ಶನಿ ತಾಯಿ!” ಎಂದು ನಕ್ಕ. ಅದು ಅವನ ಹಳೆಯ ತಮಾಷೆ. ನೂರು ಸಲ ಕೇಳಿದ್ದೇನೆ, ನೂರು ಸಲ ನಾನೂ ನಕ್ಕಿದ್ದೇನೆ; ಅದು ನನ್ನ ಕಥೆಗೆ ತಾಳೆಯಾಗುವುದಿಲ್ಲವೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅಂದು ಅವಳು ನಗುವುದನ್ನು ನೋಡಿದೆ. ಇಪ್ಪತ್ತು ವರ್ಷದ ಅಭ್ಯಾಸದ ನಗು. ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗಿಟ್ಟೆ.

“ಚಿಕ್ಕಪ್ಪಾ, ಅದು ಅಕ್ಕ ಅಲ್ಲ. ನಾನು.”

ಅಕ್ಕ ಸೌಟಿನಿಂದಲೇ ಸುಮ್ಮನಿರು ಎಂದು ಸನ್ನೆ ಮಾಡಿದಳು. ನಾನು ನಿಲ್ಲಿಸಲಿಲ್ಲ. ಮಳೆ, ಗೋಡೆ, ಒರಳುಕಲ್ಲು, ಮೂಟೆ, ಎಲ್ಲ ಹೇಳಿದೆ. ಹೇಳುವಾಗ ಮನಸ್ಸಿನ ಒಂದು ಮೂಲೆ, ‘ಇದು ನಿನಗೆ ಖಾತ್ರಿಯಿದೆಯೇ?’ ಎಂದು ಕೇಳುತ್ತಲೇ ಇತ್ತು. ಖಾತ್ರಿಯಿಲ್ಲದೆಯೂ ಹೇಳಿದೆ. ಜೀವನದಲ್ಲಿ ನಾನು ಪುರಾವೆಯಿಲ್ಲದೆ ಆಡಿದ ಮೊದಲ ಮಾತು ಅದಿರಬೇಕು.

ಚಿಕ್ಕಪ್ಪ ಮಗಳ ಮುಖವನ್ನು ಬಹಳ ಹೊತ್ತು ನೋಡಿದ. ತನ್ನ ತಟ್ಟೆಯ ಪಕ್ಕದ ಹಪ್ಪಳವನ್ನು ಎತ್ತಿ ಅವಳ ತಟ್ಟೆಗಿಟ್ಟ. ಆಮೇಲೆ ನನ್ನ ಕಡೆ ತಿರುಗಿದ. “ಅಂಗಾದ್ರೆ ಒಂಬತ್ತು ವಾರ ಇವ್ಳು ದೀಪ ಹಚ್ಚಿದ್ದು ಸುಮ್‌ಸುಮ್ಕೇ? ಶನಿ ಇನ್ನೂ ನಿನ್ ಹೆಗಲ ಮೇಲೇ ಕುಂತವ್ನೆ ಅನ್ನು. ಅದ್ಕೇ ಕಣ್ಲಾ ಒಂದು ಕೆಲ್ಸದಾಗೂ ನೆಟ್ಟಗೆ ನಿಲ್ಲಲ್ಲ ನೀನು!”

“ಚಿಕ್ಕಪ್ಪಾ, ನಾನು ಅವನ್ನೆಲ್ಲ ನಂಬಲ್ಲ.”

“ನೀನು ನಂಬ್ಬೇಡ. ಅವ್ನು ನಂಬವ್ನೆ. ಬರೋ ಶನಿವಾರ ಬಂದ್ಬುಡು, ನಾನೂ ಬತ್ತೀನಿ.”

ಬೇರೆ ಯಾರಾದರೂ ಆಗಿದ್ದರೆ ಗುರುತ್ವಾಕರ್ಷಣೆಯಿಂದ ಶುರುಮಾಡಿ ಒಂದು ಗಂಟೆ ವಾದಿಸುತ್ತಿದ್ದೆ. ಆ ಮೊಣಕೈಯನ್ನು ನೋಡುತ್ತ ವಾದ ಹೊರಡಲಿಲ್ಲ. “ಬತ್ತೀನಿ” ಎಂದೆ.

ಹೀಗೆ ಮೊನ್ನೆ ಶನಿವಾರ ಬೆಳಿಗ್ಗೆ ನಾನು, ಚಿಕ್ಕಪ್ಪ, ನಾಗವೇಣಿಯಕ್ಕ ಹೊಸೂರಿನಲ್ಲಿ ಅವರ ಬಡಾವಣೆಯ ಗುಡಿಗೆ ಹೋದೆವು. ಒಂದು ಮೂಲೆಯಲ್ಲಿ ಚೌಕದ ಕಟ್ಟೆಯ ಮೇಲೆ ನವಗ್ರಹಗಳು, ಎಂದಿನಂತೆ ಒಬ್ಬರ ಕಡೆ ಒಬ್ಬರು ನೋಡದೆ, ಎಣ್ಣೆಯಲ್ಲಿ ಮಿಂದು ನಿಂತಿದ್ದರು. ಶಿಫ್ಟಿಗೆ ಹೊರಟವರು ಬ್ಯಾಗು ಹೆಗಲಲ್ಲಿರುವಂತೆಯೇ ಸುತ್ತುತ್ತಿದ್ದರು. ಅಕ್ಕ ಕಪ್ಪು ಬಟ್ಟೆಯಲ್ಲಿ ಎಳ್ಳು ಕಟ್ಟಿದ ಬತ್ತಿ ತಂದಿದ್ದಳು. ಹಚ್ಚಲು ನನ್ನ ಕೈಗೆ ಕೊಟ್ಟಳು. ಎರಡು ಕಡ್ಡಿ ಆರಿತು, ಮೂರನೆಯದು ಹತ್ತಿತು.

ಪೂಜಾರಿ ತಟ್ಟೆ ಹಿಡಿದು ಬಂದು ತಮಿಳಿನಲ್ಲಿ ಅರ್ಚನೆ ಯಾರ ಹೆಸರಿಗೆಂದು ಕೇಳಿದ. “ಪೇರು, ನಟ್ಚತ್ತಿರಂ, ರಾಸಿ ಸೊಲ್ಲುಂಗೊ.”

ಹೆಸರು ಹೇಳಿದೆ. ನಕ್ಷತ್ರ ಗೊತ್ತಿರಲಿಲ್ಲ. ಮದುವೆಯಲ್ಲಿ ಜಾತಕ ನೋಡಬೇಡಿ ಎಂದು ಗಲಾಟೆ ಮಾಡಿದವನು ನಾನು. ಯಾವತ್ತೂ ಕೇಳಿ ತಿಳಿದುಕೊಂಡವನಲ್ಲ. ಚಿಕ್ಕಪ್ಪನ ಮುಖ ನೋಡಿದೆ. ಅವನಿಗೂ ಗೊತ್ತಿಲ್ಲ. ಪೂಜಾರಿ ಅವಸರದಲ್ಲಿದ್ದ.

ಹಿಂದಿನಿಂದ ನಾಗವೇಣಿಯಕ್ಕನ ಧ್ವನಿ ಬಂತು. ನನ್ನ ಹೆಸರು, ಪೂರಟ್ಟಾದಿ ನಕ್ಷತ್ರ, ಕುಂಬ ರಾಸಿ. ಶಾಲೆಯ ಮಗು ಮಗ್ಗಿ ಒಪ್ಪಿಸುವಂತೆ, ಉಸಿರು ತೆಗೆಯದೆ, ತಮಿಳಿನಲ್ಲಿ, ಎಳೆಯ ಹುಡುಗಿಯೊಬ್ಬಳ ರಾಗದಲ್ಲಿ. ಪೂಜಾರಿ ಅದನ್ನೇ ಮಂತ್ರದೊಳಗೆ ಸೇರಿಸಿಕೊಂಡು ಮುಂದೆ ಹೋದ.

ನಾನು ತಿರುಗಿದೆ. “ನಿಂ‌ಗೆ ಹೆಂಗೆ ಗೊತ್ತು?”

“ಒಂಬತ್ತು ವಾರ ಹೇಳಿದ್ನಲ್ಲ, ಮರ್ತೋಯ್ತದಾ?”

“ನನ್ನ ಹೆಸ್ರಲ್ಲಿ ಮಾಡ್ಸಿದ್ಯಾ?”

“ಮತ್ತಿನ್ಯಾರ ಹೆಸ್ರಲ್ಲಿ? ಅಜ್ಜಿ ತಾವ ಬೈಸ್ಕಳಕ್ಕೆ ನಾನಾದ್ರೂ ನಡೀತದೆ. ಶನಿ ತಾವ ಸುಳ್ಳು ಹೇಳಕ್ಕಾಯ್ತದಾ?”

ಇದಕ್ಕಿಂತ ಗಟ್ಟಿಯಾದ ಪುರಾವೆ ಯಾವ ಪ್ರಯೋಗಶಾಲೆಯೂ ನನಗೆ ಕೊಟ್ಟಿಲ್ಲ. ನಾನು ಹೊರಗೆ ಚಪ್ಪಲಿ ಕಾಯುತ್ತ ಕೂತಿದ್ದಾಗ, ಹನ್ನೆರಡರ ಹುಡುಗಿಯೊಬ್ಬಳು ಒಳಗೆ ನನ್ನ ಹೆಸರು ಹೇಳುತ್ತಿದ್ದಳು. ಒಂಬತ್ತು ಸಲ.

ಚಿಕ್ಕಪ್ಪ ನಡುವೆ ಬಾಯಿ ಹಾಕಿದ. “ಅಂಗಾದ್ರೆ ಅವ್ನದು ಆವಾಗ್ಲೇ ತೀರೈತಾ?”

“ತೀರೈತೆ ಕಣಪ್ಪಾ.”

“ಮತ್ಯಾಕೆ ನನ್ನನ್ನ ಬೆಳಿಗ್ಗೆ ಬೆಳಿಗ್ಗೆ ತಣ್ಣೀರು ಸ್ನಾನ ಮಾಡ್ಸಿ ಎಳ್ಕಂಡ್ ಬಂದ್ರಿ?”

“ನೀನೇ ಅಲ್ವಾ ಬತ್ತೀನಿ ಅಂದಿದ್ದು? ಬಾ ಬಾ, ಬಂದಿದ್ದಾಯ್ತು, ಸುತ್ತು ಹಾಕು. ನೀನೂ ಬಾರ್ಲಾ. ನಂಬ್ದಿದ್ರೆ ಸುಮ್ಕೆ ನಡಿ. ಹೆಂಗೂ ನೀನು ನಿಂತ ಕಡೆ ನಿಲ್ಲೋನಲ್ಲ.”

ನಡೆದೆ. ಮುಂದೆ ಅಕ್ಕ, ನಡುವೆ ಸೊಟ್ಟಗೈ ಬೀಸುತ್ತ ಚಿಕ್ಕಪ್ಪ, ಹಿಂದೆ ನಾನು. ಇಪ್ಪತ್ತು ವರ್ಷ ಹೇಳಿಕೊಂಡು ಬಂದ ಕಥೆ ಹೋಯಿತೆಂದು ದುಃಖವಾಗಬೇಕಿತ್ತು. ಆಗಲಿಲ್ಲ. ಕಾಲಿಗೆ ಕಲ್ಲು ತಂಪಾಗಿತ್ತು, ಎಳ್ಳೆಣ್ಣೆಯ ಹೊಗೆ ಕಣ್ಣಿಗೆ ಬರುತ್ತಿತ್ತು. ಒಂಬತ್ತು ಸುತ್ತು ಹಾಕಬೇಕಂತೆ. ಎಷ್ಟಾಯಿತೆಂದು ನಾನು ಲೆಕ್ಕವಿಡಲಿಲ್ಲ. ಮುಂದೆ ನಡೆಯುತ್ತಿದ್ದ ಅಕ್ಕ ಬೆರಳು ಮಡಚಿಕೊಂಡು ಎಣಿಸುತ್ತಿದ್ದಳು.